ಕವಿಯ ಎಡಗೆನ್ನೆ

ಆಲ್ಕೊಳದ ಸಾಹಿತ್ಯ ಮ್ಯೂಸಿಯಮ್ಮಿನಲ್ಲಿ ದಿವಂಗತ ಕವಿ ಶಂಕರನಾರಾಯಣರ ಕನ್ನಡಕವಿದೆ, ಕೊಡೆಯಿದೆ, ಅವರು ಒಂದು ದಿನವೂ ಕೂರದ ಕುರ್ಚಿಯಿದೆ. ಗೋಡೆಯ ಮೇಲೆ ಅವರ ಎಣ್ಣೆಬಣ್ಣದ ಚಿತ್ರ, ಕೆಳಗೆ ಹಿತ್ತಾಳೆ ಫಲಕ: ‘ಮೌನದ ಮಹಾಕವಿ’. ಅದರಡಿ ಸಣ್ಣಕ್ಷರದಲ್ಲಿ, ‘ಚಿತ್ರ: ದೇವರಾಜ್, ಭದ್ರಾವತಿ’.

ಆ ಸಣ್ಣಕ್ಷರ ತೋರಿಸಲಿಕ್ಕೆಂದೇ ದೇವರಾಜ್ ಭದ್ರಾವತಿಯ ಜನ್ನಾಪುರದಿಂದ ಬೀಗರನ್ನೆಲ್ಲ ಬಸ್ಸು ಹತ್ತಿಸಿಕೊಂಡು ಬರುತ್ತಿದ್ದ. ಪಾಪ, ಮೂವತ್ತು ವರ್ಷ ಕಾರ್ಖಾನೆಯಲ್ಲಿ ಬ್ರಷ್ ಹಿಡಿದು ಬರೆದದ್ದು ‘ಅಪಾಯ’, ‘ಬೀಡಿ ಸೇದಬಾರದು’, ‘ಹೆಂಗಸರಿಗೆ’. ಅವುಗಳ ಕೆಳಗೆ ಯಾರು ಹೆಸರು ಹಾಕಿಸುತ್ತಾರೆ? ಅವನ ಹೆಸರು ಗೋಡೆ ಹತ್ತಿದ್ದು ಇದೊಂದೇ ಸಲ.

ಸೋಮವಾರ ಮಂತ್ರಿಗಳು ಬರುವವರಿದ್ದರು. ಹನ್ನೊಂದು ವರ್ಷ ಅದೇ ಚಿತ್ರದ ಕೆಳಗೆ ನಿಂತು ಭಾಷಣ ಬಿಗಿದಿದ್ದ ಅಧ್ಯಕ್ಷ ನಿರಂಜನರಿಗೆ ಈಗ ಜ್ಞಾನೋದಯವಾಯಿತು. ಕವಿಯ ಎಡಗೆನ್ನೆ ಊದಿದೆ! ದೇವರಾಜನಿಗೆ ಬುಲಾವ್ ಹೋಯಿತು.

“ಹಲ್ಲುನೋವು ಬಂದವರ ಹಾಗೆ ಕಾಣ್ತಾರಲ್ರೀ. ಕೆನ್ನೆ ಸ್ವಲ್ಪ ಒಳಗೆ ತಗೊಳ್ಳಿ,” ಎಂದರು, ಟೈಲರ್‌ಗೆ ಹೇಳುವಂತೆ.

“ಅದು ಕವಳ ಸಾರ್. ಎಲೆಅಡಿಕೆ ದವಡೆಗೆ ಒತ್ತಿಕೊಂಡೇ ನನ್ನೆದುರು ಕೂತಿದ್ರು. ಇದ್ದ ಹಾಗೆ ಬರ್ದಿದೀನಿ.”

“ಮಹಾಕವಿ ಮಂತ್ರಿಗಳ ಮುಂದೆ ಕವಳ ಜಗಿಯೋದಾ? ಇವತ್ತೇ ಸರಿ ಮಾಡಿ ಮಾರಾಯ್ರೆ. ಇಲ್ದಿದ್ರೆ ಇದು ಗೋಡೌನಿಗೆ. ಫ್ಲೆಕ್ಸ್ ರೆಡಿ ಇದೆ.”

ಫ್ಲೆಕ್ಸಿನಲ್ಲಿ ಕವಿಗೆ ಮೂವತ್ತರ ಹರೆಯ, ಲಿಪ್‌ಸ್ಟಿಕ್ಕಿನಂಥ ತುಟಿ, ಹಿಂದೆ ಜಲಪಾತ. ಕೆನ್ನೆ ತಿದ್ದಿದರೆ ಚಿತ್ರ ಸುಳ್ಳು, ತಿದ್ದದಿದ್ದರೆ ಹೆಸರೂ ಇಲಿಗಳ ಪಾಲು. ಬ್ರಷ್ ಕೈಗೆತ್ತಿಕೊಂಡ ದೇವರಾಜ, “ಒಂದ್ಸಲ ಅಮ್ಮಾವರನ್ನ ಕೇಳಿಬಿಡಿ ಸಾರ್,” ಎಂದು ಗೋಗರೆದ.

ಕವಿಪತ್ನಿಯೇ ಒಪ್ಪಿದರೆಂದು ಪೇಪರಿನಲ್ಲಿ ಹಾಕಿಸಬಹುದಲ್ಲ! ನಿರಂಜನರಿಗೆ ಹಿಡಿಸಿತು. ವಿದ್ಯಾನಗರಕ್ಕೆ ಕಾರು ಹೋಯಿತು, ಸೀತಾಲಕ್ಷ್ಮಮ್ಮ ಬಂದರು. ಮ್ಯೂಸಿಯಮ್ಮಿಗೆ ಅವರು ಬಂದದ್ದು ಇದೇ ಮೊದಲು. ಉದ್ಘಾಟನೆಗೆ ಅವರನ್ನು ಕರೆಯುವುದು ಎಲ್ಲರಿಗೂ ಮರೆತುಹೋಗಿತ್ತಂತೆ.

ಮುದುಕಿ ಚಿತ್ರವನ್ನೇ ನೋಡುತ್ತ ನಿಂತರು. “ಎಷ್ಟು ಹೊತ್ತು ಕೂತಿದ್ರಪ್ಪಾ ನಿಮ್ಮ ಮುಂದೆ?”

“ಮೂರು ಗಂಟೆ ಅಮ್ಮಾ. ಒಂದು ಮಾತೂ ಆಡ್ಲಿಲ್ಲ.”

“ಮೂರು ಗಂಟೆ!” ಸೀತಾಲಕ್ಷ್ಮಮ್ಮ ಬೆಂಚಿನ ಮೇಲೆ ಕೂತೇಬಿಟ್ಟರು. “ನನ್ನ ಸಾರಿಗೆ ಉಪ್ಪು ಜಾಸ್ತಿ, ನನ್ನ ತಲೆಗೆ ಬುದ್ಧಿ ಕಮ್ಮಿ, ನನ್ನಪ್ಪ ಜುಗ್ಗ. ಐವತ್ತೆರಡು ವರ್ಷ ದಿನಾ ಅವರದ್ದು ಇದೇ ಮಂತ್ರ. ಬಾಯಲ್ಲಿ ಕವಳ ಇದ್ರೆ ಮಾತ್ರ ಸುಮ್ನಿರ್ತಿದ್ರು. ದಿನಕ್ಕೆ ಎಂಟು ಸಲ ನಾನೇ ಮಡಚಿ ಕೊಡ್ತಿದ್ದೆ.”

ನಿರಂಜನರು ಕೆಮ್ಮಿದರು. “ಅದಲ್ಲಮ್ಮಾ, ಕೆನ್ನೆ ಒಂದು ಚೂರು...”

ಸೀತಾಲಕ್ಷ್ಮಮ್ಮ ದಡಕ್ಕನೆ ಎದ್ದು ದೇವರಾಜನ ಬ್ರಷ್ ಹಿಡಿದ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

“ಬೇಡಪ್ಪಾ, ದಮ್ಮಯ್ಯ,” ಎಂದರು. “ಅದನ್ನ ತೆಗೆದ್ರೆ ಮತ್ತೆ ಶುರು ಮಾಡ್ತಾರೆ.”

ನಿರಂಜನರು ಫ್ಲೆಕ್ಸ್ ಸುತ್ತಿಡಲು ಹೇಳಿದರು.