ಚಹಾಕ್ಕೆ ನಿಲ್ಲುವ ಗಾಡಿ

ಗಜೇಂದ್ರಗಡದಿಂದ ಹೊರಡುವ ಮೊದಲೇ ವೀರವ್ವತ್ತೆ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟಿದ್ದಳು.

"ಈ ಡಬ್ಬಿ ಹಾದ್ಯಾಗ ಒಮ್ಮಿ ಕೆಟ್ಟು ನಿಂತರ ನಾಳಿಗೇ ಗುಜರಿಗೆ. ಆಮ್ಯಾಲ ಅಳಬ್ಯಾಡ್ರಿ ಮತ್ತ."

"ನಿಂದ್ರೂದಿಲ್ಲ, ಆಣಿ!" ಎಂದು ಪರಪ್ಪ ಮಾವ ತನ್ನ ಹಳೆಯ ಅಂಬಾಸಿಡರಿನ ಬಾನೆಟ್ ನೇವರಿಸಿದ.

ರೋಣದಲ್ಲಿ ಅತ್ತೆಯ ತಂಗಿಯ ಬಸುರಿ ಮಗಳಿಗೆ ಕುಬಸ. ಮಾವ ನೇಯ್ದ ಹಸಿರು ಸೀರೆ ಮುಂದೆ ಕೂತ ಅತ್ತೆಯ ತೊಡೆಯ ಮೇಲೆ. ಹಿಂದೆ ನಾನು, ಸೋದರಳಿಯ ಸುದೀಪ, ಬಿ.ಎ.ಯಲ್ಲಿ ಪಾಸು, ಮಿಮಿಕ್ರಿಯಲ್ಲಿ ರ್‍ಯಾಂಕು.

ಊರು ದಾಟುವಷ್ಟರಲ್ಲಿ ಬಾನೆಟ್ಟಿನೊಳಗೆ 'ಕಿಯ್ಯಾಂವ್' ಎಂದಿತು. ವಾಟರ್ ಪಂಪಿನ ಬೇರಿಂಗು! ಕನ್ನಡಿಯಲ್ಲಿ ಮಾವನ ಕಣ್ಣು ನನಗೆ ಕೈಮುಗಿದವು.

"ಏನದು ಸಪ್ಪಳ?"

"ನಾನ ಅತ್ತಿ. ನವಿಲಿನ ಮಿಮಿಕ್ರಿ. ಕುಬಸದಾಗ ಮಾಡಬೇಕಲ್ಲ."

"ಗಂಟಲಿಗೆ ಎಣ್ಣಿ ಬಿಟಗೋ," ಎಂದು ಅತ್ತೆ ಚುರುಮುರಿಯ ಪೊಟ್ಟಣ ಹಿಂದಕ್ಕೆ ಚಾಚಿದಳು. ನಾನು ಮುಕ್ಕಿದೆ. ನವಿಲು ಮತ್ತೆ ಕೂಗಿತು.

ಪಂಪು ಬರೀ ಕೂಗುತ್ತಿರಲಿಲ್ಲ, ಸೋರುತ್ತಲೂ ಇತ್ತು. ಎಂಜಿನ್ನಿನ ಕಾವಿನ ಮುಳ್ಳು ಏರತೊಡಗಿತು. ನೀರು ಹಾಕಲು ನಿಂತರೆ ಗುಜರಿ, ನಿಲ್ಲದಿದ್ದರೆ ಎಂಜಿನ್ನೇ ಬೂದಿ. ಅಷ್ಟರಲ್ಲಿ ಪುರ್ತಗೇರಿ ಬಂತು.

"ನಿಮ್ಮ ಕಾಕಾನ ಮಗಳು ಗೌರವ್ವಕ್ಕನ ಮನಿ ಐತಲ್ಲ. ಚಾ ಕುಡೀದ ದಾಟಿ ಹೋದರ ಏನಂದಾಳು?" ಎಂದು ಮಾವ ಸ್ಟೇರಿಂಗ್ ತಿರುವಿದ.

ನಮ್ಮ ಕಡೆ ಚಹಾಕ್ಕೆ ನಿಂತದ್ದು ನಿಂತ ಲೆಕ್ಕವಲ್ಲ, ನಿಲ್ಲದಿದ್ದರೇ ತಪ್ಪು. ಅವರು ಒಳಗೆ ಸುಖದುಃಖ ಮಾತಾಡುವಾಗ ನಾನು ಕಾವು ಇಳಿಯುವವರೆಗೆ ಕಾದು, ರೇಡಿಯೇಟರಿಗೆ ಕೊಡಗಟ್ಟಲೆ ನೀರು ಕುಡಿಸಿದೆ. ಅಲ್ಲಿಯವರೆಗೆ ಅದು ನಮಗೆ ಕುಡಿಸಿತ್ತು.

ಮುಂದಿನ ಊರಲ್ಲಿ ಅತ್ತೆಯ ಸೋದರಮಾವನ ಮನೆ. ಅದರ ಮುಂದಿನದರಲ್ಲಿ ಅವಳ ಶಾಲೆಯ ಗೆಳತಿ. ಆಮೇಲೆ ನಂಟರು ಮುಗಿದರು, ಸೋರುವುದು ಮುಗಿಯಲಿಲ್ಲ. ಮಾವ ಕಂಡ ಬಾಗಿಲಿಗೆ ಗಾಡಿ ನಿಲ್ಲಿಸಿದ.

"ಇದ್ಯಾರ ಮನಿರಿ?"

"ಒಳಗ ಹೋದ ಮ್ಯಾಲ ಗೊತ್ತಾಕ್ಕೈತಿ, ಇಳಿ."

ಒಳಗಿದ್ದ ಮಾಳವ್ವನಿಗೂ ನಾವು ಯಾರೆಂದು ಗೊತ್ತಿರಲಿಲ್ಲ. ಆದರೂ "ಬರ್ರಿ, ಬರ್ರಿ" ಎಂದು ಚಾಪೆ ಹಾಸಿದಳು. ಚಹಾ ಕುದಿಯುವುದರೊಳಗೆ ಅವಳ ಓರಗಿತ್ತಿಯೂ ಅತ್ತೆಯೂ ಒಂದೇ ಓಣಿಯವರೆಂದು ಪತ್ತೆಯಾಯಿತು. ಹೊರಡುವಾಗ ಮಾಳವ್ವ ನನ್ನನ್ನು ತಡೆದಳು. "ತಮ್ಮಾ, ಹಂಡೆ ಖಾಲಿ ಮಾಡೀದೆಲ್ಲೋ! ಗಾಡ್ಯಾಗ ಎಮ್ಮಿ ಕಟಗೊಂಡು ಬಂದೀರೇನು?"

ಕೊನೆಗೆ ಹಬೆಯ ಮೋಡದೊಳಗೆ ರೋಣ ಮುಟ್ಟಿದೆವು.

"ನೋಡು, ಒಮ್ಮಿನೂ ಕೆಟ್ಟು ನಿಂದ್ರಲಿಲ್ಲ!" ಮಾವ ಎದೆಯುಬ್ಬಿಸಿದ.

ಅತ್ತೆ ಇಳಿದು ಸೆರಗು ಸರಿಪಡಿಸಿಕೊಂಡಳು. "ಸುದೀಪ, ಬಾಯ್ತುಂಬ ಚುರುಮುರಿ ಇಟಗೊಂಡು ನವಿಲ ಹ್ಯಾಂಗ ಕೂಗಿತಪಾ?"

ಮಾವನ ಮುಖ ಮಗ್ಗದ ಮೇಲೆ ಎಳೆ ಹರಿದ ಹಾಸಿನಂತಾಯಿತು. "ಹಂಗಾರ... ಗುಜರಿಗೆ?"

"ಪಂಪ ನೆಟ್ಟಗಿದ್ದಾಗ ನಮ್ಮ ತವರವರ ಬಾಗಲಾಗ ಈ ಗಾಡಿ ಒಂದ ದಿನಾ ನಿಂತಿತ್ತೇನ್ರಿ? ಬುರ್ ಅಂತ ದಾಟಿ ಹೋಗತಿದ್ರಿ. ಇವತ್ತ ಎಲ್ಲಾರನೂ ಕಂಡೆ." ಅತ್ತೆ ಸೀರೆಯ ಗಂಟು ಎತ್ತಿಕೊಂಡಳು. "ಹೊಳೆಆಲೂರಾಗ ನಮ್ಮ ದೊಡ್ಡವ್ವನ್ನ ನೋಡೂದು ಇನ್ನಾ ಉಳದೈತಿ. ಅಲ್ಲಿ ಹೋಗಿ ಬರೂತನಕ ಆ ಪಂಪ ರಿಪೇರಿ ಮಾಡಿಸಿದ್ರ ನೋಡ್ರಿ ಮತ್ತ!"

ಮಾವನ ಪರವಾಗಿ ನಾನೇ ನವಿಲಿನಂತೆ ಕೂಗಿದೆ. ಪಂಪಿನಷ್ಟು ಚೆನ್ನಾಗಿ ಬರಲಿಲ್ಲ.