ಸೋತ ಮುಷ್ಕರದ ಚಿತ್ರ

"ಬಾವುಟ ಹೊದಿಸಬೇಡಿ!" ಎನ್ನುತ್ತಲೇ ಎಡಿಟರಮ್ಮ ಜನರನ್ನು ಸರಿಸಿಕೊಂಡು ಒಳಗೆ ನುಗ್ಗಿದರು.

ಪಕ್ಷದ ಕಾರ್ಯದರ್ಶಿ ಶವದ ಮೇಲೆ ಹರಡಲಿದ್ದ ಬಾವುಟವನ್ನು ಅರ್ಧಕ್ಕೇ ಹಿಡಿದು ನಿಂತ. ಮಲಗಿದ್ದವರು ನಿರ್ದೇಶಕರು, ನಲವತ್ತು ವರ್ಷದಲ್ಲಿ ಒಂಬತ್ತು ಚಿತ್ರ ಮಾಡಿದವರು. ಒಂಬತ್ತನ್ನೂ ಕತ್ತರಿಸಿ ಜೋಡಿಸಿದವರು ಎಡಿಟರಮ್ಮ. ತೆರೆಯ ಮೇಲಿನ ಪಟ್ಟಿಯಲ್ಲಿ ಬಿಟ್ಟರೆ ಅವರ ನಿಜವಾದ ಹೆಸರನ್ನು ಯಾರೂ ಬಳಸಿದ್ದೇ ಇಲ್ಲ.

"ನಮ್ಮವರಲ್ವಾ ಅಮ್ಮ ಅವರು?" ಎಂದ ಕಾರ್ಯದರ್ಶಿ.

"ನಿಮ್ಮವರಾಗಿದ್ರೆ ಇಪ್ಪತ್ತೆಂಟು ವರ್ಷ ಈ ಮನೆ ಕಡೆ ತಲೆ ಹಾಕಲಿಲ್ಲ ಯಾಕೆ?"

ಹೂವು ಜೋಡಿಸುತ್ತಿದ್ದ ಮಗಳು ತಲೆಯೆತ್ತಿದಳು. "ಹೊದಿಸ್ಲಿ ಬಿಡಿ ಎಡಿಟರಮ್ಮ. ಅಪ್ಪ ಮನೆಗೋಸ್ಕರ ಬದುಕಿದ್ದಂತೂ ಅಲ್ಲ. ಶಾಲೇಲಿ ನನಗೆ ಬಹುಮಾನ ಬಂದಾಗ ಎಲ್ಲರ ಅಪ್ಪಂದಿರೂ ಇದ್ರು. ನಮ್ಮಪ್ಪ ಆ ಗಿರಣಿ ಚಿತ್ರ ಹೊತ್ಕೊಂಡು ಯಾವ ಊರಲ್ಲಿದ್ರೋ! ನಾನು ಹಟಕ್ಕೇ ಅದನ್ನ ಇವತ್ತಿನವರೆಗೂ ನೋಡಿಲ್ಲ."

"ಹಾಗಾದ್ರೆ ಅದರ ಕತೆಯಾದ್ರೂ ಕೇಳು," ಎಂದು ಎಡಿಟರಮ್ಮ ಅವಳ ಪಕ್ಕದಲ್ಲೇ ಕೂತರು.

*

ನೂಲಿನ ಗಿರಣಿಯ ಮುಷ್ಕರದ ಮೇಲೆ ಮಾಡಿದ ಚಿತ್ರ ಅದು. ಕೆಲಸ ಕಳೆದುಕೊಂಡ ಕಾರ್ಮಿಕರೇ ತಮ್ಮ ಪಾತ್ರಗಳನ್ನು ತಾವೇ ಮಾಡಿದ್ದರು. ಬೆನ್ನಿಗೆ ನಿಂತಿದ್ದು ಪಕ್ಷ. ಕೊನೆಯಲ್ಲಿ ಗಿರಣಿಯ ಬಾಗಿಲು ತೆರೆದು ನಾನೂರು ಜನ ಗೆದ್ದು ಒಳನುಗ್ಗುವ ದೃಶ್ಯ. ನಾಲ್ಕೇ ನಿಮಿಷ, ಆದರೆ ನೋಡಿದವರ ಮೈ ಜುಮ್ಮೆನ್ನಬೇಕು.

ಜೋಡಣೆ ಮುಗಿದ ದಿನ ನಿರ್ದೇಶಕರು ಗಿರಣಿಯ ಒಬ್ಬ ಹೆಂಗಸನ್ನು ಎಡಿಟಿಂಗ್ ನಡೆಯುತ್ತಿದ್ದ ಕಿಟಕಿಯಿಲ್ಲದ ಕೋಣೆಗೆ ಕರೆತಂದರು. ಲಾಠಿ ಏಟಿಗೆ ಅವಳ ಗಂಡ ಆ ಬಾಗಿಲ ಮುಂದೆಯೇ ಸತ್ತಿದ್ದ. ಅವಳು ಪೂರ್ತಿ ನೋಡಿ, ಸೆರಗಲ್ಲಿ ಮುಖ ಒರೆಸಿಕೊಂಡು ಕೇಳಿದಳು:

"ಚೆನ್ನಾಗಿದೆ ಸಾರ್. ಆದ್ರೆ ನಾವು ಗೆದ್ದಿದ್ದು ಯಾವಾಗ?"

ಅವಳು ತೆರೆಯ ಕಡೆ ಕೈ ತೋರಿಸಿದಳು.

"ಗಿರಣಿಗೆ ಇವತ್ತಿಗೂ ಬೀಗ ಬಿದ್ದಿದೆ. ಇದನ್ನ ನೋಡಿದವರು ಎಲ್ಲ ಸರಿಹೋಯ್ತು ಅಂತ ನೆಮ್ಮದಿಯಾಗಿ ಮನೆಗೆ ಹೋಗ್ತಾರೆ. ನಾನೆಲ್ಲಿಗೆ ಹೋಗ್ಲಿ?"

ನಿರ್ದೇಶಕರು ಹೊರಗೆ ಹೋಗಿ ಒಂದರ ಹಿಂದೊಂದು ಎರಡು ಸಿಗರೇಟು ಸೇದಿ ಬಂದರು. "ಕೊನೇದು ತೆಗೆದುಬಿಡಿ," ಎಂದರು.

"ತಲೆ ಕೆಟ್ಟಿದೆಯಾ ನಿಮಗೆ? ಇಷ್ಟು ಚೆನ್ನಾಗಿರೋದನ್ನ ಜನ್ಮದಲ್ಲಿ ಇನ್ನೊಂದು ಸಲ ತೆಗೆಯೋಕಾಗಲ್ಲ!" ಎಂದು ಎಡಿಟರಮ್ಮ ರೇಗಿದರು.

"ಅದಕ್ಕೇ ಭಯ. ಚೆನ್ನಾಗಿರೋ ಸುಳ್ಳು ಬೇಗ ಅಂಟ್ಕೊಳ್ಳುತ್ತೆ."

ಎಡಿಟರಮ್ಮ ಕತ್ತರಿಸಿಕೊಟ್ಟರು, ಆಮೇಲೆ ಮೂರು ದಿನ ಅವರ ಜೊತೆ ಮಾತು ಬಿಟ್ಟರು. ಗೆಲುವಿಲ್ಲದ ಚಿತ್ರ ತನಗೆ ಬೇಡವೆಂದು ಪಕ್ಷ ಶಾಶ್ವತವಾಗಿ ಬಿಟ್ಟಿತು. ಲಾಠಿ ಬೀಸುವ ದೃಶ್ಯ ಇರುವವರೆಗೂ ಅನುಮತಿಯಿಲ್ಲ ಎಂದಿತು ಸರ್ಕಾರ. ಯಾವ ಚಿತ್ರಮಂದಿರವೂ ಬಾಗಿಲು ತೆರೆಯದಾಗ ನಿರ್ದೇಶಕರು ಪ್ರೊಜೆಕ್ಟರನ್ನು ಹೆಗಲಿಗೇರಿಸಿ ಹೊರಟರು. ಶಾಲೆಯ ಅಂಗಳ, ಕಾರ್ಮಿಕರ ಸಂಘದ ಕೋಣೆ, ಗೋಡೆಗೆ ಬಿಗಿದ ಹಾಸಿಗೆಯ ಬಟ್ಟೆ. ಚಿತ್ರ ಮುಗಿದ ಮೇಲೆ, "ನಾವು ತಪ್ಪಿದ್ದೆಲ್ಲಿ, ಹೇಳಿ," ಎಂದು ಕೇಳಿ, ನೆಲದ ಮೇಲೆ ಕೂತುಬಿಡುತ್ತಿದ್ದರು. ಮಾತಾಡುವವರು ಜನ, ಬರೆದುಕೊಳ್ಳುವವರು ಇವರು.

*

ಕಾರ್ಯದರ್ಶಿ ಬಾವುಟ ಮಡಚತೊಡಗಿದ.

"ಆ ನಾನೂರು ಜನದಲ್ಲಿ ನಾನೂ ಇದ್ದೆ ಅಮ್ಮ," ಎಂದ ಮೆಲ್ಲಗೆ. "ಮೊದಲನೇ ಸಾಲು. ಸಿನಿಮಾದಲ್ಲಿ ಬರ್ತೀನಿ ಅಂತ ಮನೇಲಿ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ."

ಎಡಿಟರಮ್ಮನಿಗೆ ನಗು ಬಂತು, ಅದರ ಬೆನ್ನಿಗೇ ಅಳು. "ನೀನೂ ಇದ್ದೆ ಕಣಪ್ಪಾ. ನಿನ್ನನ್ನ ಕತ್ತರಿಸಿದ್ದು ಇದೇ ಕೈ."

ಅವನು ಬಾವುಟವನ್ನು ಚೀಲಕ್ಕೆ ತುರುಕಿ, ಹೊರುವವರ ಸಾಲಿಗೆ ಹೋಗಿ ಹೆಗಲು ಕೊಟ್ಟ.

"ಅಪ್ಪ ನನಗೆ ಇದ್ಯಾವುದನ್ನೂ ಹೇಳಲಿಲ್ಲ," ಎಂದಳು ಮಗಳು, ಚಿತಾಗಾರಕ್ಕೆ ಹೋಗುವ ಗಾಡಿಯಲ್ಲಿ.

"ನೀನು ಕೇಳಲಿಲ್ಲ. ಅವರಿಗೆ ಹೇಳೋಕೆ ಬರ್ತಿರಲಿಲ್ಲ. ಏನಿದ್ರೂ ತೋರಿಸೋದೇ."

ಚಿತಾಗಾರದ ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಮೇಲೆ, ಊರುಗೋಲು ಹಿಡಿದ ಮುದುಕಿಯೊಬ್ಬಳು ಏದುಸಿರು ಬಿಡುತ್ತಾ ಬಂದಳು. ಬಸ್ಸು ಕೆಟ್ಟು ನಿಂತಿತ್ತಂತೆ. ಎಡಿಟರಮ್ಮನಿಗೆ ಗುರುತು ಹತ್ತಲು ಒಂದು ಗಳಿಗೆ ಹಿಡಿಯಿತು. ಗಿರಣಿಯ ಆ ಹೆಂಗಸು! ತಡೆಯಲಾಗದೆ ಅವಳನ್ನು ತಬ್ಬಿಕೊಂಡು, ಮಗಳಿಗೆ ಯಾರೆಂದು ಹೇಳಿದರು.

"ಹಣೆ ಥೇಟ್ ಅಪ್ಪನದೇ," ಎಂದು ಮುದುಕಿ ಮಗಳ ಮುಖ ಸವರಿದಳು.

ಮಗಳು ತಡವರಿಸಿದಳು. "ಅಜ್ಜೀ... ಆ ಚಿತ್ರದ ಕೊನೇಲಿ ಈಗ ಏನಿದೆ?"

"ನಾನಿದೀನಿ! ಮತ್ತೆ ಕ್ಯಾಮೆರಾ ತಂದು ನನ್ನೊಬ್ಬಳನ್ನೇ ತೆಗೆದ್ರು. ಕೆಲಸದ ಹೊತ್ತಿಗೆ ಎದ್ದು ಗಿರಣಿ ತನಕ ನಡೆದು, ಬೀಗ ನೋಡಿ, ವಾಪಸ್ ಬರೋದು. ಅಷ್ಟೇ. ಹನ್ನೊಂದು ಸಲ ನಡೆಸಿದ್ರು ಮಹಾರಾಯರು! ಅಳಬೇಡ, ಕೆಲಸಕ್ಕೆ ಹೋಗೋ ಹಾಗೆ ನಡಿ ಅಂತ. ಇರು, ತೋರಿಸ್ತೀನಿ. ಇದನ್ನ ಹಿಡ್ಕೊ."

ಊರುಗೋಲನ್ನು ಮಗಳ ಕೈಗಿತ್ತು ಅವಳು ಬೆನ್ನು ನೆಟ್ಟಗೆ ಮಾಡಿಕೊಂಡಳು. ಬೆಂಚುಗಳ ಮೇಲಿದ್ದವರು ಕಾಲು ಹಿಂದಕ್ಕೆಳೆದು ದಾರಿ ಬಿಟ್ಟರು. ಹೊತ್ತಾಯಿತೆಂಬಂತೆ ಬಿರಬಿರನೆ ನಡೆದು, ಕಬ್ಬಿಣದ ಬಾಗಿಲ ಮುಂದೆ ನಿಂತು, ಅದನ್ನೊಮ್ಮೆ ಮೇಲಿನಿಂದ ಕೆಳಗೆ ನೋಡಿ, ಮುದುಕಿ ಹಿಂದಿರುಗಿದಳು. ಎರಡು ಹೆಜ್ಜೆ ಇಟ್ಟವಳು ನಿಂತು, ತಲೆಯಾಡಿಸಿದಳು.

"ಸರಿ ಬರಲಿಲ್ಲ," ಎಂದು ಮತ್ತೆ ಮೊದಲಿನ ಜಾಗಕ್ಕೆ ಹೋಗಿ ನಿಂತಳು.