ಬೇಯದ ಹೆಂಚು

"ಇನ್ನೊಂದು ಸಲ ಹಾಕು," ಎಂದಳು ಸುನಂದ.

ಮೌನಿಕಾ ಆ ಮಾತಿಗೇ ಕಾಯುತ್ತಿದ್ದಳು. ಸೊಪ್ಪು ಬಿಡಿಸುತ್ತಿದ್ದ ಅಮ್ಮನ ಪಕ್ಕಕ್ಕೆ ಜರುಗಿ ಕೂತು, ಮೊಬೈಲನ್ನು ಅವಳ ಮುಖಕ್ಕೆ ಹಿಡಿದು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದಳು. ಮಾಲೂರಿನ ಒಂದು ಕಲ್ಯಾಣ ಮಂಟಪದಲ್ಲಿ ಕರಾಟೆ ಬೆಲ್ಟ್ ಪರೀಕ್ಷೆ. ಬಿಳಿ ಬಟ್ಟೆ ತೊಟ್ಟ ಮಗಳು. ಅವಳ ಮುಂದೆ ಎರಡು ಕಲ್ಲಿನ ಮೇಲೆ ಪೇರಿಸಿಟ್ಟ ಮೂರು ಹೆಂಚು. ಅವಳು ಉಸಿರೆಳೆದುಕೊಂಡು, ಒಮ್ಮೆ ಕೂಗಿ, ಅಂಗೈಯ ಅಂಚಿನಿಂದ ಏಟು ಹಾಕಿದಳು. ಮೂರೂ ಹೆಂಚು ನಡುವಿಗೆ ಮುರಿದು ಬಿದ್ದವು. ಜನ ಚಪ್ಪಾಳೆ ತಟ್ಟಿದರು.

ಸುನಂದ ಈ ಸಲ ಚಿತ್ರ ನೋಡಲಿಲ್ಲ, ಸದ್ದಿಗೆ ಕಿವಿಗೊಟ್ಟಳು. ಮೊದಲ ಸಲವೇ ಅನುಮಾನ ಬಂದಿತ್ತು, ಈಗ ಖಾತ್ರಿಯಾಯಿತು. ಒಣಗಿದ ಮಣ್ಣುಹೆಂಟೆ ಒಡೆದಂಥ ಮೊದ್ದು ಸದ್ದು. ಆ ಹೆಂಚುಗಳನ್ನು ಆರಿಸಿ ಕೊಟ್ಟವಳು ಅವಳೇ.

"ಕೈ ನೋಡು, ಒಂಚೂರೂ ಕೆಂಪಾಗಿಲ್ಲ," ಎಂದು ಮಗಳು ಅಂಗೈ ಚಾಚಿದಳು. "ನಾಳೆಯಿಂದ ನೀನು ಕ್ರಾಸ್ ಹತ್ರ ಬರ್ಬೇಡಮ್ಮ. ಅವನು ಬಂದ್ರೆ ಬರ್ಲಿ. ಒಂದೇ ಏಟು."

ಸುನಂದ ಸೊಪ್ಪಿನ ಕಡ್ಡಿಯನ್ನು ಸೊಪ್ಪಿನ ಬುಟ್ಟಿಗೂ ಸೊಪ್ಪನ್ನು ಕಸಕ್ಕೂ ಹಾಕುತ್ತ, ಚೆನ್ನಾಗಿದೆ ಕಣೇ ಎಂದಳು.

ಮಾಲೂರಿನ ಹೊರಗಿರುವ ಹೆಂಚಿನ ಫ್ಯಾಕ್ಟರಿಯಲ್ಲಿ ಸುನಂದಳದು ಹೆಂಚು ಬೇರೆ ಮಾಡುವ ಕೆಲಸ. ಸುಡುವ ಗೂಡು ಆರಿದ ಮೇಲೆ ಹೊರಗೆ ಬರುವ ಒಂದೊಂದು ಹೆಂಚನ್ನೂ ಎತ್ತಿ ಬೆರಳ ಗೆಣ್ಣಿನಿಂದ ತಟ್ಟಬೇಕು. ಠಣ್ ಎಂದರೆ ಅದು ಲಾರಿಯ ಕಡೆಗೆ. ಗೂಡಿನ ಬಾಗಿಲ ಹತ್ತಿರ ಇದ್ದು ಸರಿಯಾಗಿ ಬೆಂಕಿ ಕಾಣದ ಹೆಂಚು ಹಾಗೆ ಉಲಿಯುವುದಿಲ್ಲ. ಅದು ಹಿಂದಿನ ರಾಶಿಗೆ. ಆ ರಾಶಿಯನ್ನು ಕೇಳುವವರೇ ಇರಲಿಲ್ಲ, ಅಮರನಾಥ ಮೇಷ್ಟ್ರು ಬರುವ ತನಕ. ಹಗಲಲ್ಲಿ ಸೊಸೈಟಿಯ ಗುಮಾಸ್ತರು, ಸಂಜೆ ಕರಾಟೆ ಮೇಷ್ಟ್ರು. ಮಕ್ಕಳ ಪರೀಕ್ಷೆಗೆ ಬೇಯದ ಹೆಂಚು ಬೇಕು ಎಂದಾಗ ಮಾಲೀಕರು ಕಸ ಹೋದರೆ ಸಾಕೆಂದು ಒಪ್ಪಿದ್ದರು. ಅಂದಿನಿಂದ ಸುನಂದ ಆ ರಾಶಿಯಲ್ಲೂ ತೀರಾ ಮೊದ್ದಾದುವನ್ನೇ ಹುಡುಕಿ ಎತ್ತಿಡುತ್ತಿದ್ದಳು. ಯಾರದೋ ಹೆತ್ತ ಮಕ್ಕಳು, ಕೈ ನೋಯುವುದು ಬೇಡ ಎಂಬ ಕನಿಕರ. ಮುಂದೊಂದು ದಿನ ತನ್ನ ಮಗಳೇ ಆ ಹೆಂಚಿನ ಮುಂದೆ ನಿಂತಾಳೆಂದು ಅವಳು ಕನಸಿನಲ್ಲೂ ಎಣಿಸಿರಲಿಲ್ಲ.

ಮಗಳನ್ನು ಅಲ್ಲಿಗೆ ಕಳಿಸಿದ್ದು ಚಂದ್ರು ಎಂಬವನ ಕಾಟ. ಮೌನಿಕಾ ಮಾಲೂರಿನಲ್ಲಿ ಬಿ.ಕಾಂ. ಓದುತ್ತಿದ್ದಳು. ಲಕ್ಕೂರಿನ ಕಡೆಯ ಬಸ್ಸು ಅವಳನ್ನು ಕ್ರಾಸಿನಲ್ಲಿ ಇಳಿಸಿದರೆ, ಅಲ್ಲಿಂದ ಊರಿಗೆ ಹಿಪ್ಪುನೇರಳೆ ತೋಟಗಳ ನಡುವೆ ನಡೆದೇ ಬರಬೇಕು. ಆ ದಾರಿಯಲ್ಲಿ ಚಂದ್ರು ಬೈಕನ್ನು ಅಡ್ಡ ನಿಲ್ಲಿಸುತ್ತಿದ್ದ. ಮೊದಲು ನಂಬರು ಕೇಳಿದ. ಆಮೇಲೆ ಒಂದು ದಿನ ಬ್ಯಾಗು ಹಿಡಿದೆಳೆದ. ಹುಡುಗಿ ಓಡಿ ಬಂದವಳು ಹೊಟ್ಟೆನೋವೆಂದು ಮಲಗಿ, ವಾರಗಟ್ಟಲೆ ಕಾಲೇಜಿನ ಕಡೆ ತಲೆಹಾಕಲಿಲ್ಲ. ಗೇಟಿನ ಸದ್ದಾದರೂ ಬೆಚ್ಚುತ್ತಿದ್ದಳು. ವಿಷಯವನ್ನು ಅಪ್ಪನಿಗೆ ಹೇಳುವಂತಿರಲಿಲ್ಲ. ನರಸಾಪುರದ ಕಂಪನಿಯಲ್ಲಿ ಶಿಫ್ಟು ಮುಗಿಸಿ ಬರುವ ವೆಂಕಟ್ ಒಳ್ಳೆಯವನೇ. ಆದರೆ ಕೇಳಿದ ತಕ್ಷಣ ಒಂದೋ ಮಚ್ಚು ಹಿಡಿದು ಹೊರಡುತ್ತಿದ್ದ, ಇಲ್ಲವೇ ಮಗಳ ಓದು ಬಿಡಿಸಿ ಗಂಡು ನೋಡುತ್ತಿದ್ದ. ತಾಯಿ ಮಗಳಿಬ್ಬರಿಗೂ ಈ ಎರಡೂ ಬೇಡವಾಗಿತ್ತು.

ಆಗ ಸುನಂದಳೇ ಮಗಳನ್ನು ಎಳೆದುಕೊಂಡು ಹೋಗಿ ಅಮರನಾಥ ಮೇಷ್ಟ್ರ ಮುಂದೆ ನಿಲ್ಲಿಸಿದಳು. ನಿಜ ಹೇಳಬೇಕೆಂದರೆ ಆ ಹುಡುಗಿ ಅಲ್ಲಿ ಮತ್ತೆ ಬದುಕಿದಳು. ಊಟ ಸೇರಿತು, ನಿದ್ದೆ ಬಂತು, ತಲೆ ಎತ್ತಿ ನಡೆಯುವುದು ಬಂತು. ಸುನಂದ ಮಾತ್ರ ಕೆಲಸ ಮುಗಿಸಿ ಕ್ರಾಸಿಗೆ ಹೋಗಿ ಕರೆತರುವುದನ್ನು ಬಿಟ್ಟಿರಲಿಲ್ಲ. ಈಗ ಅದೂ ಬೇಡವಂತೆ. ಹಿಂದೆ ಓಡಿ ಬಂದವಳು ಇನ್ನು ಮೇಲೆ ಓಡುವುದಿಲ್ಲ, ನಿಂತು ಹೊಡೆಯುತ್ತಾಳೆ. ಆಮೇಲೆ ಏನಾಗುತ್ತದೆ ಎಂದು ನೆನೆಯಲೂ ಸುನಂದಳಿಗೆ ಧೈರ್ಯವಿರಲಿಲ್ಲ.

ಮಾರನೆಯ ದಿನ ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಅವಳು ಸೊಸೈಟಿಗೆ ಹೋದಳು. ಮೇಷ್ಟ್ರು ಕುರ್ಚಿ ಎಳೆದು ಕೂರಿಸಿ, ತಮ್ಮ ವಿದ್ಯೆಯನ್ನು ಉಳಿದ ವಿದ್ಯೆಗಳ ಪಕ್ಕದಲ್ಲಿಟ್ಟು ತೂಗಿ ತೋರಿಸಿದರು. ಕುಸ್ತಿಯಾದರೆ ಮೈಗೆ ಮೈ ತಾಗಿಸಬೇಕು, ತೂಕ ಹೆಚ್ಚಿದ್ದವನಿಗೇ ಮೇಲುಗೈ. ಜೂಡೋದಲ್ಲಿ ಎತ್ತಿ ಹಾಕುವುದಕ್ಕೂ ಮೊದಲು ಹತ್ತಿರ ಹೋಗಿ ಅಂಗಿ ಹಿಡಿಯಬೇಕು. ಟೇಕ್ವಾಂಡೋದವರು ಕಾಲು ಎತ್ತುತ್ತಾರೆ, ಜಲ್ಲಿಕಲ್ಲಿನ ರಸ್ತೆಯಲ್ಲಿ ಜಾರಿದರೆ ಮುಗಿಯಿತು. ದೊಣ್ಣೆವರಸೆ ಒಳ್ಳೆಯದೇ, ಆದರೆ ಕಾಲೇಜಿಗೆ ದೊಣ್ಣೆ ಹೊತ್ತುಕೊಂಡು ಹೋಗುವವರು ಯಾರು? ಕರಾಟೆಯಲ್ಲಿ ದೂರದಿಂದಲೇ ಒಂದು ಏಟು, ಅಲ್ಲಿಗೇ ಚುಕ್ತಾ. ಅವರು ಹೇಳುವ ರೀತಿಗೆ ಸುನಂದ ತಲೆಯಾಡಿಸುತ್ತಲೇ ಇದ್ದಳು.

"ಹೆಂಚು ಸುಮ್ನೆ ಮಲಗಿರ್ತದೆ ಸಾರ್," ಎಂದಳು. "ತಿರುಗಿ ಕೈ ಹಿಡಿಯಲ್ಲ. ಅವನು ಹಿಡೀತಾನೆ."

ಮೇಷ್ಟ್ರು ಪೆನ್ನಿನ ಮುಚ್ಚಳವನ್ನು ತೆಗೆದು, ಹಾಕಿ, ಮತ್ತೆ ತೆಗೆದರು. ಅವರು ಮೋಸಗಾರರಲ್ಲ, ಅದೇ ಕಷ್ಟವಾಗಿದ್ದು.

"ನೋಡಿ ಸುನಂದಮ್ಮ, ನಾನು ಗಟ್ಟಿ ಹೆಂಚು ಇಟ್ಟು ಒಂದು ಮಗು ಬೆರಳು ಮುರ್ಕೊಂಡ್ರೆ, ನಾಳೆ ಎಲ್ಲಾ ಹೆಣ್ಮಕ್ಕಳೂ ಮನೇಲಿ ಕೂತ್ಕೋತಾರೆ. ಹೆದರಿಕೆ ಬಿಡಿಸೋದೇ ಮುಕ್ಕಾಲು ಕೆಲಸ. ನಿಮ್ಮ ಮಗಳಿಗೆ ಬಿಟ್ಟಿದೆ. ಅದನ್ನ ನೀವು ವಾಪಸ್ ಕಿತ್ಕೋಬೇಡಿ."

ಆ ಮಾತು ಸುನಂದಳನ್ನು ಕಟ್ಟಿಹಾಕಿತು. ಹೇಳಿದರೆ ಹುಡುಗಿ ಮತ್ತೆ ಹೊದ್ದು ಮಲಗುತ್ತಾಳೆ, ಹೇಳದಿದ್ದರೆ ಬೇಯದ ಹೆಂಚಿನ ಧೈರ್ಯದಲ್ಲಿ ಎದುರು ನಿಲ್ಲುತ್ತಾಳೆ. ಆ ವಾರವೆಲ್ಲ ಅವಳು ಹೆಂಚು ತಟ್ಟುತ್ತ ಎರಡು ಸಲ ಲೆಕ್ಕ ತಪ್ಪಿ ರಾಶಿ ಕಲೆಸಿ, ಮೇಸ್ತ್ರಿಯ ಕೈಲಿ ಬೈಸಿಕೊಂಡಳು. ಮಗಳು ಸಂಜೆ ಒಬ್ಬಳೇ ಮನೆಗೆ ಬಂದು ಚಪ್ಪಲಿ ಬಿಡುವ ತನಕ ಅವಳು ಗೇಟಿನ ಹತ್ತಿರವೇ ನಿಂತಿರುತ್ತಿದ್ದಳು. ಚಂದ್ರು ಟೀ ಅಂಗಡಿಯ ಹತ್ತಿರ ನಿಂತಿರುತ್ತಾನೆ, ಬಾಲ ಮುದುರಿಕೊಂಡಿದ್ದಾನೆ ಎಂದು ಮೌನಿಕಾ ನಗುತ್ತಿದ್ದಳು.

ಶನಿವಾರ ಫ್ಯಾಕ್ಟರಿಗೆ ಹೊಸ ಟೆಂಪೋ ಒಂದು ಲೋಡಿಗೆ ಬಂತು. ಡ್ರೈವರು ಇಳಿದು ನೆಟ್ಟಗೆ ಸುನಂದಳ ಹತ್ತಿರ ಬಂದ. ತೆಳ್ಳಗಿನ ಹುಡುಗ, ಎಣ್ಣೆ ಹಾಕಿ ಬಾಚಿದ ಕ್ರಾಪು. ಚಂದ್ರು ಟೆಂಪೋ ಓಡಿಸುತ್ತಾನೆಂದು ಮಗಳು ಹೇಳಿದ್ದಳು. ಓಡಿಸುವುದು ಹೆಂಚಿನ ಟೆಂಪೋ ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

"ನೀವು ಮೌನಿಕಾ ಅವರ ತಾಯಿ ಅಲ್ವಾ ಅಕ್ಕ?" ಎಂದ. ಮಾತಿನಲ್ಲಿ ಮರ್ಯಾದೆಗೇನೂ ಕಮ್ಮಿಯಿರಲಿಲ್ಲ. "ಫ್ರೆಂಡ್ ಸ್ಟೇಟಸ್ಸಲ್ಲಿ ವಿಡಿಯೋ ನೋಡ್ದೆ. ಸೌಂಡು ಕೇಳಿ ನಗು ಬಂತು."

ಅವನು ಹಿಂದಿನ ರಾಶಿಯಿಂದ ಒಂದು ಹೆಂಚು ತೆಗೆದುಕೊಂಡು, ಎರಡು ಕೈಯಲ್ಲಿ ಹಪ್ಪಳ ಮುರಿಯುವಷ್ಟು ಸಲೀಸಾಗಿ ಮುರಿದ. ಹೋಳುಗಳನ್ನು ಅವಳ ಕಾಲ ಬಳಿ ಒಂದರ ಪಕ್ಕ ಒಂದು ಇಟ್ಟು, ಪ್ಯಾಂಟಿಗೆ ಕೈ ಒರೆಸಿಕೊಂಡು ಹೋಗಿ ಲೋಡು ಮಾಡಿಸಿದ. ಸುನಂದ ಅವನನ್ನು ಏನಾದರೂ ಅನ್ನಬೇಕಿತ್ತು, ಮೇಸ್ತ್ರಿಯನ್ನು ಕರೆಯಬೇಕಿತ್ತು. ಟೆಂಪೋ ಗೇಟು ದಾಟಿ ಹೋಗುವವರೆಗೂ ಅವಳು ಅದೇ ಒಂದು ಹೆಂಚನ್ನು ತಟ್ಟುತ್ತ ಕೂತಿದ್ದಳು.

ಅಂದು ಸಂಜೆ ಅವಳು ಮಗಳು ಬೇಡವೆಂದರೂ ಕ್ರಾಸಿಗೆ ಹೋಗಿ ನಿಂತಳು. ಮೌನಿಕಾ ಬಸ್ಸಿಳಿದು ಅಮ್ಮನನ್ನು ನೋಡಿ ಮುಖ ಗಂಟು ಹಾಕಿಕೊಂಡಳು. ದಾರಿಯುದ್ದಕ್ಕೂ ಅಮ್ಮನಿಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದಳು.

ಭಾನುವಾರ ಬೆಳಿಗ್ಗೆ ಸುನಂದ ಲಕ್ಕೂರಿಗೆ, ಅಣ್ಣ ಗಂಗುಲಪ್ಪನ ಮನೆಗೆ ಹೋದಳು. ಗಂಗುಲಪ್ಪ ಒಂದು ಕಾಲಕ್ಕೆ ಸುತ್ತಮುತ್ತ ಹೆಸರು ಮಾಡಿದ ಪೈಲ್ವಾನ. ಆ ಕಾಲದ ಗುರುತಾಗಿ ಅವನಿಗೆ ಮುದುರಿಹೋದ ಎರಡು ಕಿವಿಗಳೂ ಕೂತರೆ ಏಳಲು ಬಿಡದ ಮಂಡಿಗಳೂ ಉಳಿದಿದ್ದವು. ಈಗ ರೇಷ್ಮೆ ಹುಳು ಮೇಯಿಸುತ್ತಿದ್ದ. ಅವಳು ಹೋದಾಗ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತ ಕೂತಿದ್ದವನು, "ಏಮಮ್ಮಾ, ಹೇಳ್ದೆ ಕೇಳ್ದೆ ಬಂದಿದೀಯ," ಎಂದ. ಅವಳು ಎಲ್ಲವನ್ನೂ ಹೇಳಿದಳು. ಕರಾಟೆಯ ಮಾತು ಬಂದಾಗ ಅವನು ನಗಾಡಿದ. ಗರಡಿಮನೆಯ ಮಣ್ಣು ಮೈಗೆ ಹತ್ತದವನು ಹೊಡೆದಾಟ ಏನು ಕಲಿಸುತ್ತಾನೆ ಎಂದ. ಹೆಂಚು ಮುರಿದು ಕಾಲ ಬಳಿ ಇಟ್ಟದ್ದನ್ನು ಹೇಳಿದಾಗ ಅವನ ಕೈಯ ಕತ್ತಿ ನಿಂತಿತು.

"ಅಣ್ಣ, ನಿನ್ನ ಕುಸ್ತಿ ಅವರ ಕರಾಟೆ ಎಲ್ಲಾ ಪಕ್ಕಕ್ಕಿಡು. ರಸ್ತೇಲಿ ಯಾವುದು ಕೆಲಸಕ್ಕೆ ಬರ್ತದೆ? ನಿಜ ಹೇಳು."

ಗಂಗುಲಪ್ಪ ಕತ್ತಿಯನ್ನು ಪಕ್ಕಕ್ಕಿಟ್ಟ.

"ನಾನು ಆಡಿದ ಕುಸ್ತಿ ಎಲ್ಲಾ ಕೈ ಮುಟ್ಟಿಸ್ಕೊಂಡು ಶುರುವಾದವು," ಎಂದ. "ಮಣ್ಣು ಅಗೆದು ಮೆತ್ತಗೆ ಮಾಡಿರ್ತಿದ್ರು. ಬಿಡಿಸೋಕೆ ಸುತ್ತಾ ಜನ ಇರ್ತಿದ್ರು. ರಸ್ತೇಲಿ ಇವ್ಯಾವೂ ಇರಲ್ಲ ಕಣಮ್ಮ. ಮುಳಬಾಗಿಲು ಬಸ್ ಸ್ಟ್ಯಾಂಡಲ್ಲಿ ಒಂದ್ಸಲ ಇಬ್ರು ನನ್ನ ಹಿಡ್ಕೊಂಡ್ರು. ಆಗ ನಾನು ಭಾರಿ ಪೈಲ್ವಾನ. ಒಂದು ಪಟ್ಟೂ ನೆನಪಾಗ್ಲಿಲ್ಲ. ಕೈ ಬಿಡಿಸ್ಕೊಂಡೆ, ಕಿರುಚ್ದೆ, ಓಡ್ದೆ. ಅಷ್ಟೇ."

ಕೈ ಬಿಡಿಸಿಕೊಂಡದ್ದು ಹೇಗೆ ಎಂದು ಅವಳು ಕೇಳಿದಳು. ಅವನು ತಂಗಿಯ ಮಣಿಕಟ್ಟು ಹಿಡಿದು ತೋರಿಸಿದ. ಹಿಡಿತದಲ್ಲಿ ನಾಲ್ಕು ಬೆರಳು ಒಂದು ಕಡೆ, ಹೆಬ್ಬೆರಳು ಒಂದೇ ಇನ್ನೊಂದು ಕಡೆ. ನಾಲ್ಕರ ಕಡೆಗೆ ಎಳೆದರೆ ಎಂಥ ಶಕ್ತಿವಂತನಿಗೂ ಕಷ್ಟ. ಹೆಬ್ಬೆರಳ ಕಡೆಗೆ ಮಣಿಕಟ್ಟನ್ನು ಹೊರಳಿಸಿ, ಮೊಣಕೈ ಮಡಚಿ, ಮೈಯ ಭಾರವನ್ನೆಲ್ಲ ಹಾಕಿ ಕೀಳಬೇಕು. ಯೋಚನೆಗೆ ಪುರುಸೊತ್ತು ಸಿಗದ ಹಾಗೆ ಅದು ಕೈಗೆ ರೂಢಿಯಾಗಬೇಕು. ಕಿತ್ತುಕೊಂಡ ಮೇಲೆ ಒಂದು ಕ್ಷಣವೂ ನಿಲ್ಲಬಾರದು. ನೀನೇ ಬಂದು ಕಲಿಸು ಎಂದರೆ ಅವನು ಒಪ್ಪಲಿಲ್ಲ. ಮಂಡಿ ಆಗುವುದಿಲ್ಲ ಎಂದ. ಅದಕ್ಕಿಂತ, ಮಾವ ಹಿಡಿದರೆ ಹುಡುಗಿ ತಮಾಷೆ ಮಾಡಿಕೊಳ್ಳುತ್ತಾಳೆ, ನೀನು ಹಿಡಿ, ನಿನ್ನ ಕೈ ಹೆಂಚು ಎತ್ತಿ ಎತ್ತಿ ಗಟ್ಟಿಯಾಗಿದೆ ಎಂದ. ಚಂದ್ರುವಿನ ಅಪ್ಪನ ಮನೆಗೆ ತಾನು ನಾಳೆಯೇ ನಾಲ್ಕು ಜನರನ್ನು ಕಟ್ಟಿಕೊಂಡು ಹೋಗುತ್ತೇನೆ, ಬಗ್ಗದಿದ್ದರೆ ಪೊಲೀಸ್ ಠಾಣೆ ಇದೆ, ವೆಂಕಟ್‌ನಿಗೂ ತಾನೇ ಹೇಳುತ್ತೇನೆ ಎಂದೂ ಸೇರಿಸಿದ. ಆದರೆ ನಾಳೆ ಬಸ್ಸಿನಿಂದ ಹುಡುಗಿ ಒಬ್ಬಳೇ ಇಳಿಯುತ್ತಾಳಲ್ಲ, ಅದಕ್ಕೆ ಈ ಪಟ್ಟು.

ಮಧ್ಯಾಹ್ನ ವೆಂಕಟ್ ಶಿಫ್ಟಿಗೆ ಹೋದ ಮೇಲೆ ಸುನಂದ ಅಂಗಳದಲ್ಲಿ ಎರಡು ಹೆಂಚು ಇಟ್ಟು ಮಗಳನ್ನು ಕರೆದಳು. ಹೆಂಚಿನ ಕೆಂಪು ತನ್ನ ಕೈಗೇ ಸಾಕು ಎಂದು ಅವಳು ಮಗಳನ್ನು ಇದುವರೆಗೆ ಫ್ಯಾಕ್ಟರಿಯ ಹೊಸ್ತಿಲು ತುಳಿಯಲು ಬಿಟ್ಟವಳಲ್ಲ. ಈಗ ಬೆರಳ ಗೆಣ್ಣಿನಿಂದ ಒಂದನ್ನು ತಟ್ಟಿದಳು, ಅದು ಠಣ್ ಎಂದಿತು. ಇನ್ನೊಂದನ್ನು ತಟ್ಟಿದಳು.

ಮೌನಿಕಾ ಮೊದಲು ನಕ್ಕಳು. ಆಮೇಲೆ ತಾನೇ ಕೂತು ಎರಡನ್ನೂ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು. ಮೊಬೈಲು ತೆಗೆದು ವಿಡಿಯೋ ಹಾಕಿ ಕಿವಿಗೆ ಹಿಡಿದಳು. ಅವಳ ಮುಖದಿಂದ ರಕ್ತ ಇಳಿದುಹೋದದ್ದನ್ನು ಸುನಂದ ಕಣ್ಣಾರೆ ಕಂಡಳು.

"ಮೇಷ್ಟ್ರಿಗೆ ಯಾರು ಕೊಟ್ಟಿದ್ದು ಇವನ್ನ?"

"ನಾನೇ."

"ಅವನಿಗೆ ಗೊತ್ತಾ?"

"ಗೊತ್ತು. ಫ್ಯಾಕ್ಟರಿಗೆ ಬಂದಿದ್ದ."

ಹುಡುಗಿ ಎದ್ದು ಒಳಗೆ ಹೊರಟಳು. ಆ ನಡಿಗೆ ಸುನಂದಳಿಗೆ ಗೊತ್ತಿತ್ತು; ಚಾಪೆಯ ಕಡೆಗೆ, ಗೋಡೆಯ ಕಡೆ ಮುಖ ಮಾಡಿ ಮಲಗುವುದಕ್ಕೆ ಹೋಗುವ ನಡಿಗೆ. ಅವಳು ಧಾವಿಸಿ ಹೋಗಿ ಮಗಳ ಮಣಿಕಟ್ಟು ಹಿಡಿದಳು. ಹೆತ್ತವಳು ಹಿಡಿಯುವ ಹಾಗೆ ಹಿಡಿಯಲಿಲ್ಲ, ಬಳೆ ಒತ್ತಿ ಮುರಿಯುವ ಹಾಗೆ ಹಿಡಿದಳು.

"ಬಿಡಮ್ಮ."

"ಬಿಡಿಸ್ಕೋ."

ಮೌನಿಕಾ ಎಳೆದಳು, ಬರಲಿಲ್ಲ. ಮುಷ್ಟಿ ಕಟ್ಟಿ ಇನ್ನೊಂದು ಕೈಯೆತ್ತಿದಳು. ಸುನಂದ ಅವಳನ್ನು ಒಂದೇ ಸಲಕ್ಕೆ ಹತ್ತಿರಕ್ಕೆಳೆದಳು, ಏಟಿಗೆ ಜಾಗವೇ ಉಳಿಯಲಿಲ್ಲ. ನೋಯ್ತಿದೆ ಎಂದು ಹುಡುಗಿ ಅಳತೊಡಗಿದಳು. ಸುನಂದಳಿಗೂ ಕಣ್ಣು ತುಂಬಿತ್ತು. ಆದರೂ ಹಿಡಿತ ಸಡಿಲಿಸದೆ ಅಣ್ಣ ಹೇಳಿದ್ದನ್ನು ಹೇಳಿದಳು: ಹೆಬ್ಬೆರಳ ಕಡೆಗೆ ಹೊರಳಿಸು, ಮೊಣಕೈ ಮಡಚು, ಕಿತ್ತುಕೋ, ಕಿರುಚು, ಓಡು. ಹುಡುಗಿ ತಪ್ಪು ಕಡೆಗೆ ಹೊರಳಿಸಿದಳು. ಸುನಂದ ಮತ್ತೆ ಹಿಡಿದಳು. ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಮತ್ತೆ ಹಿಡಿದಳು. ಪಕ್ಕದ ಮನೆಯ ಅನಸೂಯಮ್ಮ ಬೇಲಿಯ ಹತ್ತಿರ ಬಂದು, ಬೆಳೆದ ಮಗಳನ್ನು ಹೀಗಾ ಹೊಡೆಯೋದು ಎಂದು ಗೊಣಗಿಕೊಂಡು ಹೋದಳು. ಬಿಸಿಲು ಗೋಡೆಯ ಮೇಲಕ್ಕೆ ಏರಿತು. ಇಬ್ಬರೂ ಬೆವತಿದ್ದರು, ಇಬ್ಬರಿಗೂ ಏದುಸಿರು ಬಂದಿತ್ತು. ಮಗಳ ಅಳು ಯಾವಾಗ ನಿಂತಿತೋ ಗೊತ್ತಾಗಲಿಲ್ಲ.

ಸುನಂದ ಈ ಸಲ ಇದ್ದ ಶಕ್ತಿಯನ್ನೆಲ್ಲ ಹಾಕಿ ಹಿಡಿದಳು. ಮೌನಿಕಾ ಅವಳ ಮುಖ ನೋಡಲಿಲ್ಲ. ಮಣಿಕಟ್ಟು ಹೊರಳಿತು, ಮೊಣಕೈ ಮಡಚಿತು, ಊರಿಗೆಲ್ಲ ಕೇಳುವ ಹಾಗೆ ಒಂದು ಕಿರುಚು. ಹುಡುಗಿ ಗೇಟು ತಳ್ಳಿಕೊಂಡು ಓಡಿದಳು. ಹಿಂತಿರುಗಿ ನೋಡದೆ ರಸ್ತೆಯ ತಿರುವಿನವರೆಗೂ ಓಡಿದಳು.

ಅಂಗಳದಲ್ಲಿ ಸುನಂದ ಕೈಯನ್ನು ಹಿಡಿದಂತೆಯೇ ಹಿಡಿದುಕೊಂಡು ನಿಂತಿದ್ದಳು. ಬೆರಳುಗಳ ನಡುವೆ ಮಗಳ ಬೆವರಿನ ಒದ್ದೆ ಇನ್ನೂ ಆರಿರಲಿಲ್ಲ.